ಮಕ್ಕಳ ತಲೆನೋವು: ನೆಪವೂ ಅಲ್ಲ, ಗಡ್ಡೆಯೂ ಅಲ್ಲ

'ಮಕ್ಕಳಿಗೆ ಎಂತಹ ತಲೆನೋವು?' ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸಂಸಾರದ ಚಿಂತೆ, ಸಾಲದ ಭಾರ, ಕಚೇರಿಯ ಒತ್ತಡಗಳಿಂದ ಬರುವ ಬೇನೆ ಅದು. ಆಡಿಕೊಂಡಿರುವ ಕೂಸಿಗೆ ಅದೇಕೆ ಬಂದೀತು ಎಂಬುದು ಹಿರಿಯರ ತರ್ಕ. ಆದುದರಿಂದ ಶಾಲೆಗೆ ಹೊರಡುವ ಹೊತ್ತಿಗೆ ಮಗು ಹಣೆ ಹಿಡಿದು ಕುಳಿತರೆ ಮೊದಲು ಹುಟ್ಟುವುದು ಅನುಮಾನ: ಇಂದು ಗಣಿತದ ಪರೀಕ್ಷೆ ಇರಬೇಕು! ಅದೇ ನೋವು ತಿಂಗಳಿಗೆ ಮೂರು ನಾಲ್ಕು ಬಾರಿ ಮರುಕಳಿಸಿ, ಮಗು ವಾಂತಿ ಮಾಡಿಕೊಂಡು ಬಾಡಿ ಮಲಗಿದಾಗ ಅನುಮಾನವು ಭಯವಾಗಿ ಮಾರ್ಪಡುತ್ತದೆ: ತಲೆಯಲ್ಲಿ ಗಡ್ಡೆ ಇದ್ದರೆ ಗತಿಯೇನು? ಮೊದಲನೆಯದರಿಂದ ಮಗುವಿಗೆ ಅನ್ಯಾಯ. ಎರಡನೆಯದರಿಂದ ತಂದೆ-ತಾಯಿಗಳಿಗೆ ನಿದ್ರಾಭಂಗ ಮತ್ತು ಹಣದ ವ್ಯಯ. ಬಹುಪಾಲು ಮಕ್ಕಳಲ್ಲಿ ಹೀಗೆ ಮರುಕಳಿಸುವ ತಲೆನೋವು ಇವೆರಡೂ ಅಲ್ಲ, ಮೈಗ್ರೇನ್.

ಸ್ವೀಡನ್ ದೇಶದ ಉಪ್ಸಾಲಾ ನಗರದ ಮಕ್ಕಳ ವೈದ್ಯ ಬೋ ಬಿಲ್ಲೆ ಅವರು 7ರಿಂದ 15 ವರ್ಷದ ಸುಮಾರು 9,000 ಶಾಲಾ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ಏಳು ವರ್ಷದವರಲ್ಲಿಯೇ ನೂರಕ್ಕೆ ಒಬ್ಬರಿಗಿಂತ ಹೆಚ್ಚು, ಹದಿನೈದರ ವೇಳೆಗೆ ನೂರಕ್ಕೆ ಐವರು ಮೈಗ್ರೇನ್ ಪೀಡಿತರೆಂಬುದು ಅದರಿಂದ ತಿಳಿದುಬಂದಿತು. ಬಿಲ್ಲೆಯವರು ಅಷ್ಟಕ್ಕೇ ನಿಲ್ಲಲಿಲ್ಲ. ತೀವ್ರ ನೋವಿನ 73 ಮಕ್ಕಳನ್ನು ಆಯ್ದು, ನಲವತ್ತು ವರ್ಷಗಳ ಕಾಲ ಅವರ ಬೆನ್ನು ಬಿಡದೆ ವಿಚಾರಿಸುತ್ತ ಬಂದು, 1997ರಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದರು. ಹರೆಯದಲ್ಲಿ ಅನೇಕರ ನೋವು ನಿಂತಿತ್ತು. ಕೆಲವರಲ್ಲಿ ಮತ್ತೆ ಮರಳಿತು. ಐವತ್ತರ ಆಸುಪಾಸಿಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಇನ್ನೂ ಉಳಿದಿತ್ತು. 'ದೊಡ್ಡವನಾದ ಮೇಲೆ ತಾನೇ ಹೋಗುತ್ತದೆ' ಎಂಬ ಸಮಾಧಾನದ ಮಾತು ಅರ್ಧ ಮಾತ್ರ ನಿಜ.

ನಮ್ಮ ನಾಡಿನ ಸ್ಥಿತಿಯೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 2,329 ವಯಸ್ಕರನ್ನು ವಿಚಾರಿಸಿದರು. 2015ರಲ್ಲಿ ಹೊರಬಂದ ಆ ವರದಿಯಂತೆ ವರ್ಷವೊಂದರಲ್ಲಿ ಮೈಗ್ರೇನ್ ಅನುಭವಿಸಿದವರು ನಾಲ್ವರಲ್ಲಿ ಒಬ್ಬರು. ಅದೂ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ವಂಶದಲ್ಲಿ ಹರಿದುಬರುವ ಬೇನೆಯಾದುದರಿಂದ ಮಕ್ಕಳಲ್ಲಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. 'ನಮ್ಮ ಮನೆತನದಲ್ಲಿ ಯಾರಿಗೂ ಮೈಗ್ರೇನ್ ಇಲ್ಲ' ಎಂದು ಹಲವರು ಒತ್ತಿ ಹೇಳುತ್ತಾರೆ. ಇನ್ನೂ ಕೆದಕಿ ಕೇಳಿದರೆ, ಅಜ್ಜಿ ತಲೆಗೆ ಬಟ್ಟೆ ಬಿಗಿದುಕೊಂಡು, ಶುಂಠಿ ತೇಯ್ದು ಹಣೆಗೆ ಹಚ್ಚಿಕೊಂಡು, ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರೆಂದೂ, ವಾಂತಿಯಾದ ಮೇಲೆ ಹಗುರವಾಗುತ್ತಿತ್ತೆಂದೂ ತಿಳಿಯುತ್ತದೆ. ಮನೆಯವರು ಅದನ್ನು 'ಪಿತ್ತ' ಎಂದು ಕರೆದಿರುತ್ತಾರೆ, ಅಷ್ಟೆ.

ಮಕ್ಕಳ ಮೈಗ್ರೇನ್ ದೊಡ್ಡವರದರಂತೆ ಇರುವುದಿಲ್ಲ. ಅರೆತಲೆನೋವು ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಮಕ್ಕಳಿಗೆ ನೋವು ಸಾಮಾನ್ಯವಾಗಿ ಹಣೆಯ ಎರಡೂ ಕಡೆ ಇರುತ್ತದೆ. ಎರಡು ಗಂಟೆಯಲ್ಲಿಯೇ ಇಳಿದುಹೋಗಬಹುದು. ಸಂಜೆ ಚೇತರಿಸಿಕೊಂಡು ಅಂಗಳದಲ್ಲಿ ಓಡಾಡುವ ಮಗುವನ್ನು ಕಂಡು 'ಬೆಳಿಗ್ಗೆ ನಾಟಕವಾಡಿದ' ಎಂದು ಬಗೆಯುವುದು ಇದರಿಂದಲೇ. ಇನ್ನೂ ಚಿಕ್ಕವರಲ್ಲಿ ತಲೆನೋವೇ ಇಲ್ಲದೆ ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ವಾಂತಿ ಅಥವಾ ತಲೆಸುತ್ತುವಿಕೆಯ ರೂಪದಲ್ಲಿ ಇದು ತೋರಿಕೊಳ್ಳುವುದುಂಟು. ಬೆಳಕು ಸಹಿಸಲಾಗದು ಎಂದು ಆರು ವರ್ಷದ ಕೂಸು ಹೇಳಲಾರದು, ಟಿ.ವಿ. ಆರಿಸಿ ಮೂಲೆ ಸೇರಿ ಮುಸುಕೆಳೆದುಕೊಳ್ಳುತ್ತದೆ. ತಾಯಿ ಗಮನಿಸಬೇಕಾದುದು ಮಾತನ್ನಲ್ಲ, ನಡತೆಯನ್ನು.

ಇದಕ್ಕೆ ಸಂಬಂಧಿಸಿದಂತೆ ಒಂದು ಸೊಗಸಾದ ಸಂಗತಿಯಿದೆ. ಅಮೆರಿಕದ ವೈದ್ಯರು 226 ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು 'ನಿನ್ನ ತಲೆನೋವಿನ ಚಿತ್ರ ಬರೆ' ಎಂದರು. ತಲೆಯ ಮೇಲೆ ಬಡಿಯುವ ಸುತ್ತಿಗೆ, ವಾಂತಿ ಮಾಡುತ್ತಿರುವ ಮಗು, ಹಾಸಿಗೆಯಲ್ಲಿ ಮಲಗಿದ ಮಗು, ಕಣ್ಣೆದುರಿನ ಚುಕ್ಕೆಗಳು ಚಿತ್ರಗಳಲ್ಲಿ ಮೂಡಿಬಂದವು. ಮೈಗ್ರೇನ್ ಇದ್ದ ಮಕ್ಕಳಲ್ಲಿ ನೂರಕ್ಕೆ 93 ಮಂದಿಯನ್ನು ಚಿತ್ರದಿಂದಲೇ ಗುರುತಿಸಬಹುದಾಗಿತ್ತೆಂದು 2002ರಲ್ಲಿ ಅವರು ವರದಿ ಮಾಡಿದರು. ಖರ್ಚೆಂದರೆ ಒಂದು ಹಾಳೆ ಕಾಗದ! ವೈದ್ಯರಲ್ಲಿಗೆ ಹೋಗುವ ಮುನ್ನ ಮನೆಯಲ್ಲಿಯೇ ಮಗುವಿನಿಂದ ಇಂತಹದೊಂದು ಚಿತ್ರ ಬರೆಯಿಸಿ ಒಯ್ದರೆ ಯಾರೂ ಬೇಡವೆನ್ನಲಾರರು.

ತಜ್ಞರ ಬಳಿ ಹೋದರೂ ಕೆಲಸದ ಮುಖ್ಯಭಾಗ ಯಂತ್ರಗಳದಲ್ಲ, ಕಿವಿಗಳದು. ನೋವು ಯಾವಾಗ ಆರಂಭವಾಯಿತು, ಎಷ್ಟು ಹೊತ್ತಿತ್ತು, ಹಿಂದಿನ ರಾತ್ರಿಯ ನಿದ್ರೆ ಎಷ್ಟು, ಏನು ತಿಂದಿತ್ತು, ಎಷ್ಟು ಗುಳಿಗೆ ನುಂಗಿತು, ಶಾಲೆ ತಪ್ಪಿತೇ ಎಂಬುದನ್ನು ಒಂದೆರಡು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ಅವರಿಗೆ ಅರ್ಧ ಉತ್ತರವನ್ನೇ ಒಯ್ದುಕೊಟ್ಟಂತೆ. ಬಳಿಕ ವೈದ್ಯರು ರಕ್ತದ ಒತ್ತಡ ನೋಡುತ್ತಾರೆ, ದೀಪ ಹಿಡಿದು ಕಣ್ಣಿನ ಒಳಭಾಗವನ್ನು ಪರೀಕ್ಷಿಸುತ್ತಾರೆ, ಮಗುವನ್ನು ನೇರ ಗೆರೆಯ ಮೇಲೆ ನಡೆಸಿ ನೋಡುತ್ತಾರೆ. ಇವೆಲ್ಲ ಸರಿಯಿದ್ದು ವೃತ್ತಾಂತವೂ ಮೈಗ್ರೇನಿಗೆ ಹೊಂದಿಕೊಂಡರೆ ಸ್ಕ್ಯಾನಿಂಗ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಿ.ಟಿ.ಯಲ್ಲಿ ವಿಕಿರಣವಿದೆ, ಎಂ.ಆರ್.ಐ.ಗೆ ಎಳೆಯ ಮಕ್ಕಳನ್ನು ಮತ್ತು ಬರಿಸಿ ಮಲಗಿಸಬೇಕಾಗುತ್ತದೆ. ಸ್ಕ್ಯಾನ್ ಬರೆಯದ ವೈದ್ಯರನ್ನು ಅಸಡ್ಡೆಯವರೆಂದು ತಿಳಿಯುವ ಪರಿಪಾಠ ನಮ್ಮಲ್ಲಿ ಬೆಳೆದಿದೆ, ಅದು ಸರಿಯಲ್ಲ. ಕನ್ನಡಕದ ವಿಷಯವೂ ಹೀಗೆಯೇ: ದೃಷ್ಟಿದೋಷವಿದ್ದರೆ ಕನ್ನಡಕ ಬೇಕು, ಆದರೆ ಮೈಗ್ರೇನನ್ನು ಅದು ಓಡಿಸಲಾರದು.

ಆದರೆ ಕೆಲವು ಚಿಹ್ನೆಗಳ ಮುಂದೆ ಒಂದು ದಿನವೂ ಕಾಯಬಾರದು. ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ನಿದ್ರೆಯಿಂದ ಎಬ್ಬಿಸುವ ನೋವು, ಮುಂಜಾನೆ ಎದ್ದೊಡನೆ ಪದೇ ಪದೇ ವಾಂತಿ, ದಿನದಿಂದ ದಿನಕ್ಕೆ ಏರುವ ಬೇನೆ, ಹೊಸದಾಗಿ ಕಾಣಿಸಿದ ಮೆಳ್ಳಗಣ್ಣು ಅಥವಾ ಎರಡೆರಡಾಗಿ ಕಾಣುವಿಕೆ, ತೂರಾಡುವ ನಡಿಗೆ, ಸೆಳವು, ತಲೆಗೆ ಪೆಟ್ಟು ಬಿದ್ದ ನಂತರದ ನೋವು, ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಶಾಲೆಗೆ ಹೋಗದ ಎಳೆಯ ಮಕ್ಕಳ ತಲೆನೋವನ್ನೂ ಹಗುರವಾಗಿ ಕಾಣಬಾರದು.

ಔಷಧದ ವಿಷಯದಲ್ಲಿ ನಮ್ಮವರು ಎರಡು ಬಗೆಯಾಗಿ ಎಡವುತ್ತಾರೆ. 'ಮಕ್ಕಳಿಗೆ ಗುಳಿಗೆ ಬೇಡ' ಎಂದು ನೋವು ಶಿಖರಕ್ಕೇರುವ ತನಕ ಕಾಯುವವರು ಒಂದು ಗುಂಪು; ಔಷಧದಂಗಡಿಯಿಂದ ಸಿಕ್ಕಿದ್ದನ್ನು ತಂದು ವಾರವಿಡೀ ನುಂಗಿಸುವವರು ಇನ್ನೊಂದು. ಐಬುಪ್ರೊಫೇನ್ ಅಥವಾ ಪ್ಯಾರಾಸಿಟಮಾಲನ್ನು ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ನಿಗದಿಪಡಿಸಿದ ಪ್ರಮಾಣದಲ್ಲಿ, ನೋವಿನ ಆರಂಭದಲ್ಲಿಯೇ ಕೊಟ್ಟರೆ ಫಲ ಹೆಚ್ಚು. ವಾರಕ್ಕೆ ಎರಡು ಮೂರು ದಿನಗಳಿಗಿಂತ ಹೆಚ್ಚು ಬೇಕಾಗುತ್ತಿದ್ದರೆ ಗುಳಿಗೆಯೇ ಹೊಸ ತಲೆನೋವನ್ನು ತಂದೊಡ್ಡುತ್ತದೆ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ಡೆಂಗೆಯ ಶಂಕೆಯಿರುವ ಜ್ವರದಲ್ಲಿ ಐಬುಪ್ರೊಫೇನನ್ನೂ ಮುಟ್ಟಬಾರದು.

ಪದೇ ಪದೇ ಬರುವ ನೋವನ್ನು ತಡೆಯುವ ನಿತ್ಯದ ಔಷಧಗಳೂ ಇವೆ. ನಮ್ಮಲ್ಲಿ ಫ್ಲೂನರಿಜಿನ್, ಪ್ರೊಪ್ರನೊಲಾಲ್ ಮೊದಲಾದವು ಬಳಕೆಯಲ್ಲಿವೆ. ಎರಡನೆಯದು ಉಬ್ಬಸದ ಮಕ್ಕಳಿಗೆ ಆಗದು. ಇಂತಹ ಔಷಧಗಳಿಗೆ ಮಿತಿಯಿದೆ ಎಂಬುದನ್ನು ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. 8ರಿಂದ 17 ವರ್ಷದವರಿಗೆ ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್ ಅಥವಾ ಔಷಧಾಂಶವೇ ಇಲ್ಲದ ಹುಸಿಗುಳಿಗೆ ಕೊಡಲಾಯಿತು. ನೋವಿನ ದಿನಗಳು ಅರ್ಧಕ್ಕಿಳಿದವರು ಕ್ರಮವಾಗಿ ನೂರಕ್ಕೆ 52, 55 ಮತ್ತು 61! ಹುಸಿಗುಳಿಗೆಯೇ ಮುಂದಿತ್ತು. ಮಕ್ಕಳ ನೋವು ಹುಸಿ ಎಂದು ಇದರ ಅರ್ಥವಲ್ಲ. ವೈದ್ಯರ ಭರವಸೆ, ಕ್ರಮವಾದ ಭೇಟಿ, ಎಚ್ಚರದ ಆರೈಕೆಗಳಿಗೆ ಎಳೆಯ ಮೆದುಳು ಎಷ್ಟು ಚೆನ್ನಾಗಿ ಓಗೊಡುತ್ತದೆ ಎಂಬುದಕ್ಕೆ ಇದು ನಿದರ್ಶನವೆಂದು ನನ್ನ ಅಭಿಪ್ರಾಯ. 2013ರ ಇನ್ನೊಂದು ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ತೀವ್ರ ಮೈಗ್ರೇನಿನ 135 ಮಕ್ಕಳೆಲ್ಲರಿಗೂ ಅಮಿಟ್ರಿಪ್ಟಿಲಿನ್ ಕೊಟ್ಟು, ಒಂದು ಗುಂಪಿಗೆ ನೋವನ್ನು ಎದುರಿಸುವ ಮನೋವೈಜ್ಞಾನಿಕ ತರಬೇತಿಯನ್ನೂ, ಮತ್ತೊಂದಕ್ಕೆ ತಲೆನೋವಿನ ತಿಳಿವಳಿಕೆಯನ್ನೂ ನೀಡಿದರು. ಇಪ್ಪತ್ತು ವಾರಗಳಲ್ಲಿ ನೋವಿನ ದಿನಗಳು ಅರ್ಧವಾದವರು ತರಬೇತಿ ಪಡೆದವರಲ್ಲಿ ನೂರಕ್ಕೆ 66, ಇತರರಲ್ಲಿ 36.

ಮನೆಯಲ್ಲಿ ಮಾಡಬೇಕಾದುದು ಸರಳ, ಆದರೆ ನಿತ್ಯದ್ದು. ಶಾಲೆಯ ವಾಹನ ತಪ್ಪೀತೆಂದು ತಿಂಡಿ ಬಿಟ್ಟು ಓಡುವ ಮಗುವಿಗೆ ಹನ್ನೊಂದು ಗಂಟೆಗೆ ತಲೆ ಸಿಡಿಯುವುದು ಸಹಜ. ಹೊತ್ತಿಗೆ ಸರಿಯಾಗಿ ಊಟ, ಸಾಕಷ್ಟು ನೀರು, ರಜೆಯಲ್ಲಿಯೂ ಬದಲಾಗದ ನಿದ್ರೆಯ ವೇಳೆ, ಮಲಗುವ ಮುನ್ನ ದೂರವಿಟ್ಟ ಮೊಬೈಲು ಅನೇಕ ಮಕ್ಕಳಲ್ಲಿ ನೋವಿನ ಸರದಿಯನ್ನು ತಗ್ಗಿಸುತ್ತವೆ. ಮೈಗ್ರೇನ್ ಇರುವ ಮಗುವಿನಿಂದ ಶಿವರಾತ್ರಿಯ ಉಪವಾಸ, ಜಾಗರಣೆಗಳನ್ನು ಮಾಡಿಸುವ ಮುನ್ನ ಹಿರಿಯರು ಯೋಚಿಸಬೇಕು. ಹಸಿವು, ನಿದ್ರಾಹೀನತೆ ಎರಡೂ ಒಟ್ಟಿಗೆ ಬರುವ ರಾತ್ರಿ ಅದು.

ಎಲ್ಲರೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಮೊದಲು ನಿಮ್ಮೂರಿನ ಮಕ್ಕಳ ವೈದ್ಯರೇ ಸಾಕು. ಅವರ ಚಿಕಿತ್ಸೆಗೆ ಬಗ್ಗದ, ಶಾಲೆ ತಪ್ಪಿಸುತ್ತಲೇ ಇರುವ ನೋವಾದರೆ ಮಕ್ಕಳ ನರರೋಗ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಲ್ಲಿ ಅಂತಹವರಿದ್ದಾರೆ. ಹೋಗುವಾಗ ಆ ನೋಟ್‌ಬುಕ್ಕನ್ನು ಮರೆಯದಿರಿ.

ತರಗತಿಯ ಗುರುಗಳಿಗೂ ವೈದ್ಯರ ಒಂದು ಚೀಟಿ ತಲುಪಿರಬೇಕು: ನೋವು ಆರಂಭವಾದೊಡನೆ ಮಗುವಿಗೆ ನೀರು, ನಿಗದಿಯಾದ ಗುಳಿಗೆ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಅರ್ಧ ಗಂಟೆ ಮಲಗಲು ಅನುಮತಿ. ಇಷ್ಟು ದೊರೆತ ಮಗು ಎಷ್ಟೋ ಸಲ ಮನೆಗೆ ಮರಳದೆ, ಮಧ್ಯಾಹ್ನದ ಪಾಠಕ್ಕೆ ತಾನಾಗಿಯೇ ಎದ್ದು ಬರುತ್ತದೆ.