ಚಿತ್ರಕಥೆ: ಕಾಣುವುದನ್ನು ಬರೆಯಿರಿ

"ಮಗ ಪಟ್ಟಣ ಸೇರಿದಾಗಿನಿಂದ ನಿಂಗಮ್ಮ ಮನಸ್ಸಿನಲ್ಲೇ ಕೊರಗುತ್ತಿದ್ದಳು." ಸಣ್ಣಕತೆಗೆ ಇದು ಒಪ್ಪುವ ವಾಕ್ಯ, ಚಿತ್ರಕಥೆಗೆ ಒಪ್ಪದು. ಕ್ಯಾಮರಾದ ಮಸೂರ ಹಿಡಿಯುವುದು ಬೆಳಕನ್ನು, ಮೈಕ್ ಹಿಡಿಯುವುದು ಶಬ್ದವನ್ನು. ಕೊರಗು ಇವೆರಡರಲ್ಲಿ ಯಾವುದೂ ಅಲ್ಲ!

ಮೊದಲ ಬಾರಿಗೆ ಚಿತ್ರಕಥೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅದೇ ನಿಂಗಮ್ಮ ಊಟಕ್ಕೆ ಎರಡು ತಟ್ಟೆ ತಂದಿಟ್ಟು, ತುಸು ನಿಂತು, ಒಂದನ್ನು ಒಳಗಿಟ್ಟು ಬರಲಿ. ಒಂದು ಮಾತೂ ಇಲ್ಲದೆ ನೋಡುಗರಿಗೆ ಎಲ್ಲವೂ ತಿಳಿಯುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 1986ರಲ್ಲಿ ನಿರ್ದೇಶಿಸಿದ 'ತಬರನ ಕಥೆ'ಯನ್ನು ನೋಡಿ. ಕಚೇರಿಯ ವಿಳಂಬವನ್ನು ಚಿತ್ರಿಸಲು ಯಾವ ಕ್ಯಾಮರಾಕ್ಕೂ ಸಾಧ್ಯವಿಲ್ಲ. ಆದರೆ ಪಿಂಚಣಿಗಾಗಿ ತಬರ ಕಚೇರಿಗೆ ಅಲೆಯುತ್ತಿರುವಾಗ ಅತ್ತ ಅವನ ಹೆಂಡತಿಯ ಕಾಲು ಕೊಳೆಯುತ್ತಾ ಹೋಗುತ್ತದೆ. ಆ ಕಾಲು ಕಾಣುತ್ತದೆ. ವಿಳಂಬದ ಬೆಲೆ ಏನೆಂದು ಅದೇ ಹೇಳುತ್ತದೆ.

ಎರಡನೆಯ ತಪ್ಪು ಸಂಭಾಷಣೆಯದು. "ತಮ್ಮಾ, ನಮ್ಮ ಅಪ್ಪ ತೀರಿಕೊಂಡು ಐದು ವರ್ಷವಾಯಿತು" ಎನ್ನುತ್ತಾನೆ ಅಣ್ಣ. ತಮ್ಮನಿಗೆ ಅದು ಗೊತ್ತಿಲ್ಲವೇ? ಈ ಮಾತು ಅವನಿಗಲ್ಲ, ನೋಡುಗರಿಗೆ ಹೇಳಿದ್ದು. ಬದಲಿಗೆ, "ಈ ಸಲವೂ ಅಪ್ಪನ ತಿಥಿಗೆ ನೀನು ಬರಲಿಲ್ಲ" ಎನ್ನಲಿ. ಅಪ್ಪ ಇಲ್ಲವೆಂಬುದೂ ತಿಳಿಯಿತು, ಅಣ್ಣತಮ್ಮಂದಿರ ನಡುವಿನ ಮುನಿಸೂ ತಿಳಿಯಿತು.

ಮೂರನೆಯದು, ದೃಶ್ಯವನ್ನು ತೀರ ಮುಂಚೆ ಆರಂಭಿಸುವುದು. ಬಾಗಿಲು ತಟ್ಟಿ, ಒಳಗೆ ಬಂದು, ಕುಶಲ ವಿಚಾರಿಸಿ, ಕಾಫಿ ಕುಡಿದು ಮುಗಿಯುವ ಹೊತ್ತಿಗೆ ನೋಡುಗರ ಕುತೂಹಲವೂ ಮುಗಿದಿರುತ್ತದೆ. ಜಗಳವಾಡಲು ಬಂದವನು ಜಗಳದಿಂದಲೇ ಶುರುಮಾಡಲಿ.

ಇನ್ನು ಕೆಲವರು ಸಾಲುಸಾಲಿಗೂ 'ಕ್ಲೋಸಪ್', 'ಜೂಮ್' ಎಂದು ಬರೆಯುತ್ತಾರೆ. ಅದು ನಿರ್ದೇಶಕರ ಮತ್ತು ಛಾಯಾಗ್ರಾಹಕರ ಕೆಲಸ. ನೀವು ಮರೆಯದೆ ಬರೆಯಬೇಕಾದದ್ದು ಪ್ರತಿ ದೃಶ್ಯದ ತಲೆಬರಹ: 'ದೃಶ್ಯ 4. ಒಳಾಂಗಣ. ನಿಂಗಮ್ಮನ ಅಡುಗೆಮನೆ. ರಾತ್ರಿ.' ಚಿತ್ರೀಕರಣ ಕತೆಯ ಕ್ರಮದಲ್ಲೇ ನಡೆಯಬೇಕೆಂದಿಲ್ಲ. ಅಡುಗೆಮನೆಯ ದೃಶ್ಯಗಳನ್ನೆಲ್ಲ ಸಾಮಾನ್ಯವಾಗಿ ಒಟ್ಟಿಗೆ ತೆಗೆಯುತ್ತಾರೆ. ತಲೆಬರಹವಿಲ್ಲದಿದ್ದರೆ ಅವನ್ನು ಹುಡುಕುವುದು ಹೇಗೆ?

ಕೊನೆಯದು ಕಾಲದ ಲೆಕ್ಕ. ಬೆರಳಚ್ಚಿನ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ರೂಢಿಯ ಅಂದಾಜು. ಅರ್ಧ ಗಂಟೆಯ ನಾಟಕಕ್ಕೆ ಎಂಬತ್ತು ಪುಟ ಬರೆದರೆ ಕತ್ತರಿ ಬೀಳುವುದು ಖಂಡಿತ. ಗಡಿಯಾರ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ.

ಒಳ್ಳೆಯ ಕತೆಯಿದ್ದೂ ಈ ತಪ್ಪುಗಳಿಂದಾಗಿ ಹಿಂದಕ್ಕೆ ಹೋದ ಹಸ್ತಪ್ರತಿಗಳನ್ನು ನಾನು ಕಂಡಿದ್ದೇನೆ. ನಿಮ್ಮದು ಹಾಗಾಗುವುದು ಬೇಡ. ಬರೆದಾದ ಮೇಲೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯವನ್ನೂ ಕೇಳಿ: ಇದು ಕಾಣುತ್ತದೆಯೇ? ಕೇಳಿಸುತ್ತದೆಯೇ? ಎರಡಕ್ಕೂ ಉತ್ತರ 'ಇಲ್ಲ' ಎಂದಾದರೆ ಆ ಸಾಲನ್ನು ಹೊಡೆದುಹಾಕಿ. ಅನಂತರ ಯೋಚಿಸಿ: ಈ ದುಃಖದಲ್ಲಿ ನನ್ನ ಪಾತ್ರ ಏನು ಮಾಡುತ್ತದೆ? ಅದನ್ನು ಬರೆಯಿರಿ.