ಗುಂಡಿ ಒತ್ತಿದರೆ ಕುಣಿಯುವ ಕಾರು

ಪಾಸ್ಕಲನ ನಿಯಮವನ್ನು ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಕೊಡುವ ಉದಾಹರಣೆಗಳು ಎರಡು: ಸರ್ವೀಸ್ ಸ್ಟೇಷನ್ನಿನಲ್ಲಿ ಕಾರನ್ನು ಮೇಲೆತ್ತುವ ಯಂತ್ರ ಮತ್ತು ವಾಹನದ ಬ್ರೇಕು. ಒಮ್ಮೆ ಈ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿ ಒಂದು ದೃಶ್ಯವನ್ನು ತೋರಿಸಿದ. ಅರವತ್ತು ವರ್ಷ ಹಳೆಯದಾದ, ಉದ್ದನೆಯ ಅಮೆರಿಕನ್ ಕಾರೊಂದು ರಸ್ತೆಗೆ ಹೊಟ್ಟೆ ತಾಗಿಸಿಕೊಂಡು ನಿಂತಿದೆ. ಚಾಲಕ ಒಂದು ಗುಂಡಿ ಒತ್ತುತ್ತಾನೆ, ಮುಂಭಾಗ ಮೇಲೇಳುತ್ತದೆ. ಮತ್ತೆ ಮತ್ತೆ ಒತ್ತುತ್ತಾನೆ, ಮುಂದಿನ ಚಕ್ರಗಳು ನೆಲ ಬಿಟ್ಟು ಪುಟಿಯುತ್ತವೆ. “ಸರ್ವೀಸ್ ಸ್ಟೇಷನ್ನಿನ ಲಿಫ್ಟು ನಿಧಾನವಾಗಿ ಏಳುತ್ತದಲ್ಲ ಸಾರ್, ಇದು ಹೇಗೆ ಹಾರುತ್ತದೆ?” ಎಂಬುದು ಅವನ ಪ್ರಶ್ನೆ. ಪ್ರಶ್ನೆ ಬಹಳ ಒಳ್ಳೆಯದು. ಪಾಸ್ಕಲನ ನಿಯಮವೊಂದರಿಂದಲೇ ಅದಕ್ಕೆ ಉತ್ತರ ಸಿಗುವುದಿಲ್ಲ.

ಇಂಥ ಕಾರುಗಳಿಗೆ ಲೋ-ರೈಡರ್ ಎಂದು ಹೆಸರು. ಇವುಗಳ ತವರು ಅಮೆರಿಕದ ನೈಋತ್ಯ ಭಾಗ, ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸುತ್ತಮುತ್ತಲ ಪ್ರದೇಶ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಮೆಕ್ಸಿಕನ್ ಮೂಲದ ಯುವಕರು ಹಳೆಯ ಕಾರುಗಳನ್ನು ಕಡಿಮೆ ಬೆಲೆಗೆ ಕೊಂಡು, ತಮ್ಮ ಕೈಯಾರೆ ಸಿಂಗರಿಸಿ, ಸಂಜೆ ಹೊತ್ತು ಮೆಲ್ಲಗೆ ಓಡಿಸುತ್ತಿದ್ದರು. ಕಾರು ನೆಲಕ್ಕೆ ಹತ್ತಿರವಾದಷ್ಟೂ ಅಂದವೆಂಬುದು ಅವರ ಅಭಿರುಚಿ. ಅದಕ್ಕಾಗಿ ಮರಳಿನ ಮೂಟೆಗಳನ್ನು ಡಿಕ್ಕಿಯಲ್ಲಿ ಹೇರುವುದು, ಸುರುಳಿ ಸ್ಪ್ರಿಂಗುಗಳನ್ನು ಕತ್ತರಿಸಿ ಗಿಡ್ಡ ಮಾಡುವುದು ಮುಂತಾದ ಅಗ್ಗದ ಉಪಾಯಗಳು ಬಳಕೆಯಲ್ಲಿದ್ದವು. 1958ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಜಾರಿಗೆ ಬಂತು. ಅದರ ಪ್ರಕಾರ, ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ಲೋಹದ ಅಂಚಿನ ತಳಮಟ್ಟಕ್ಕಿಂತ ಕೆಳಗೆ ಇರಬಾರದು. ಸ್ಪ್ರಿಂಗ್ ಕತ್ತರಿಸಿದವರಿಗೆ ದಂಡ ಬೀಳತೊಡಗಿತು.

ಈ ಕಾನೂನಿಗೆ ಉತ್ತರ ಸಿಕ್ಕಿದ್ದು ವಿಮಾನದ ಗುಜರಿಯಲ್ಲಿ! ದಕ್ಷಿಣ ಕ್ಯಾಲಿಫೋರ್ನಿಯಾದ ರಾನ್ ಅಗೀರ್ ಎಂಬ ಯುವಕ 1959ರಲ್ಲಿ ತನ್ನ ಕಾರ್ವೆಟ್ ಕಾರಿಗೆ, ಯುದ್ಧಾನಂತರ ಅಗ್ಗವಾಗಿ ಮಾರಾಟವಾಗುತ್ತಿದ್ದ ವಿಮಾನದ ದ್ರವಚಾಲಿತ ಪಂಪು ಮತ್ತು ಕವಾಟಗಳನ್ನು ಅಳವಡಿಸಿದ. ನಿಂತಾಗ ಕಾರು ನೆಲಕ್ಕೆ ತಗ್ಗುತ್ತಿತ್ತು. ಪೊಲೀಸರು ಕಂಡರೆ ಕಾನೂನಿನ ಎತ್ತರಕ್ಕೆ ಏಳುತ್ತಿತ್ತು. ವಿಮಾನದ ಸಾಮಾನು ಸಿಗುವುದು ಕಡಿಮೆಯಾದಂತೆ, ಸರಕು ಲಾರಿಗಳ ಹಿಂಬದಿಯ ಎತ್ತುಹಲಗೆಗೆ ಬಳಸುವ ವಿದ್ಯುತ್ ಪಂಪುಗಳು ಅದರ ಸ್ಥಾನಕ್ಕೆ ಬಂದವು. ಇಂದಿಗೂ ಲೋ-ರೈಡರ್‌ಗಳ ಡಿಕ್ಕಿಯಲ್ಲಿ ಕಾಣುವುದು ಅದೇ ಜಾತಿಯ ಪಂಪು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಕಡಿಮೆ ಖರ್ಚಿನ ಜಾಣತನದಿಂದ.

ಇನ್ನು ಇದರ ಒಳಗುಟ್ಟನ್ನು ನೋಡೋಣ. ಲೋ-ರೈಡರ್ ಮಾಡುವವರಿಗೆ ಅಚ್ಚುಮೆಚ್ಚಿನ ಕಾರು 1964ರ ಷೆವರ್ಲೆ ಇಂಪಾಲ. ಅದರ ಮುಂದೆಯೂ ಹಿಂದೆಯೂ ಸುರುಳಿ ಸ್ಪ್ರಿಂಗುಗಳಿವೆ. ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದು ಸಿಲಿಂಡರನ್ನು ಕೂಡಿಸಿದರೆ, ಅದರ ಕೊಂತ ಅಂದರೆ ಪಿಸ್ಟನ್ ಹೊರಚಾಚಿದಾಗ ಕಾರಿನ ಒಡಲು ಮೇಲೇಳುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ, ವಿದ್ಯುತ್ ಮೋಟಾರು, ಹಲ್ಲುಚಕ್ರದ ಪಂಪು ಮತ್ತು ಎಣ್ಣೆಯ ತೊಟ್ಟಿ ಇರುತ್ತವೆ. ಪಂಪಿನಿಂದ ಹೊರಟ ಎಣ್ಣೆ ಒಂದೇ ದಿಕ್ಕಿಗೆ ತೆರೆಯುವ ಕವಾಟದ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಪಂಪು ನಿಂತ ಮೇಲೂ ಎಣ್ಣೆ ಹಿಂದಕ್ಕೆ ಬಾರದು, ಕಾರು ಎತ್ತರದಲ್ಲೇ ನಿಲ್ಲುತ್ತದೆ. ಇಳಿಸಬೇಕಾದರೆ ವಿದ್ಯುತ್ ಅಯಸ್ಕಾಂತದಿಂದ ತೆರೆಯುವ ಇನ್ನೊಂದು ಕವಾಟವಿದೆ. ಅದು ತೆರೆದೊಡನೆ ಕಾರಿನ ತೂಕವೇ ಎಣ್ಣೆಯನ್ನು ತೊಟ್ಟಿಗೆ ಹಿಂದೂಡುತ್ತದೆ.

ಒಂದು ಒರಟು ಲೆಕ್ಕ ಮಾಡೋಣ. ಕಾರಿನ ರಾಶಿ 1600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಪ್ರತಿ ಚಕ್ರದ ಮೇಲೆ 400 ಕಿಲೋಗ್ರಾಂ, ಅಂದರೆ ಸುಮಾರು 4000 ನ್ಯೂಟನ್ ಹೊರೆ. ಮುಂಭಾಗದಲ್ಲಿ ಸ್ಪ್ರಿಂಗು ನೇರವಾಗಿ ಚಕ್ರದ ಮೇಲಿಲ್ಲ; ಚಕ್ರವನ್ನು ಹಿಡಿದಿರುವ ತೋಳಿನ ನಡುವೆ ಎಲ್ಲೋ ಕುಳಿತಿದೆ. ಸರಿಯಾಗಿ ಅರ್ಧದಲ್ಲಿದೆ ಎಂದುಕೊಂಡರೆ ಸನ್ನೆಯ ತತ್ತ್ವದಂತೆ ಅದರ ಮೇಲಿನ ಬಲ ಇಮ್ಮಡಿ, 8000 ನ್ಯೂಟನ್. ಪಿಸ್ಟನ್ನಿನ ವ್ಯಾಸ 4 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 12.5 ಚದರ ಸೆಂಟಿಮೀಟರ್. ಆದ್ದರಿಂದ ಎಣ್ಣೆಯ ಒತ್ತಡ ಸುಮಾರು 64 ಲಕ್ಷ ಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ 63ರಷ್ಟು. ಪಿಸ್ಟನ್ 10 ಸೆಂಟಿಮೀಟರ್ ಸರಿದರೆ ಕಾರು 20 ಸೆಂಟಿಮೀಟರ್ ಏಳುತ್ತದೆ. ಅದಕ್ಕೆ ಬೇಕಾದ ಎಣ್ಣೆ ಚಕ್ರವೊಂದಕ್ಕೆ ಬರೀ 125 ಮಿಲಿಲೀಟರ್, ಒಂದು ಸಣ್ಣ ಲೋಟ ಕಾಫಿಯಷ್ಟು!

ಮುಂದಿನ ಎರಡೂ ಚಕ್ರಗಳ ಹೊರೆ 8000 ನ್ಯೂಟನ್. ಅದನ್ನು 20 ಸೆಂಟಿಮೀಟರ್ ಎತ್ತಲು ಮಾಡಬೇಕಾದ ಕೆಲಸ 1600 ಜೂಲ್. ಎರಡು ಸೆಕೆಂಡುಗಳಲ್ಲಿ ಎತ್ತುವುದಾದರೆ 800 ವಾಟ್ ಸಾಮರ್ಥ್ಯ ಸಾಕು. ಮೋಟಾರು ಮತ್ತು ಪಂಪಿನ ಒಟ್ಟು ದಕ್ಷತೆ ಅರ್ಧ ಎಂದರೂ ಬ್ಯಾಟರಿ 1600 ವಾಟ್ ಕೊಡಬೇಕು. 24 ವೋಲ್ಟಿನಲ್ಲಿ ಇದು 67 ಆಂಪೇರ್. ಎರಡು ಸಾಮಾನ್ಯ ಬ್ಯಾಟರಿಗಳಿಗೆ ಇದು ಕಷ್ಟವಲ್ಲ.

ಆದರೆ ಕಾರು ಹಾರಬೇಕಾದರೆ? ಅದೇ ಎತ್ತರವನ್ನು ಕಾಲು ಸೆಕೆಂಡಿನಲ್ಲಿ ಏರಬೇಕು ಎನ್ನೋಣ. ನಿಶ್ಚಲ ಸ್ಥಿತಿಯಿಂದ ಏಕರೀತಿಯ ವೇಗೋತ್ಕರ್ಷದಲ್ಲಿ 0.25 ಸೆಕೆಂಡಿಗೆ 0.2 ಮೀಟರ್ ಏರಿದರೆ, ಕೊನೆಯಲ್ಲಿ ವೇಗ ಸೆಕೆಂಡಿಗೆ 1.6 ಮೀಟರ್ ಆಗಿರುತ್ತದೆ. 800 ಕಿಲೋಗ್ರಾಮಿಗೆ ಈ ವೇಗ ಕೊಡಲು ಮತ್ತೆ ಸುಮಾರು 1000 ಜೂಲ್ ಬೇಕು. ಒಟ್ಟು 2600 ಜೂಲನ್ನು ಕಾಲು ಸೆಕೆಂಡಿನಲ್ಲಿ ಕೊಡುವುದೆಂದರೆ ಸರಾಸರಿ ಸಾಮರ್ಥ್ಯ 10,400 ವಾಟ್! ದಕ್ಷತೆಯನ್ನೂ ಗಣಿಸಿದರೆ ಬ್ಯಾಟರಿಗಳು ಸುಮಾರು 21 ಕಿಲೋವಾಟ್ ಕೊಡಬೇಕು. 24 ವೋಲ್ಟಿನಲ್ಲಿ ಅದು 870 ಆಂಪೇರ್. 72 ವೋಲ್ಟಿನಲ್ಲಿ 290 ಆಂಪೇರ್. ಇಂಥ ಕಾರುಗಳ ಡಿಕ್ಕಿಯಲ್ಲಿ ಆರೋ ಎಂಟೋ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವುದೇಕೆ ಎಂಬುದು ಈಗ ತಿಳಿಯುತ್ತದೆ. ವೋಲ್ಟೇಜು ಹೆಚ್ಚಿದರೆ ಮೋಟಾರು ವೇಗವಾಗಿ ತಿರುಗುತ್ತದೆ, ಎಣ್ಣೆ ಬೇಗ ನುಗ್ಗುತ್ತದೆ. 12 ವೋಲ್ಟಿಗೆಂದು ತಯಾರಾದ ಮೋಟಾರಿಗೆ ಇದು ಶಿಕ್ಷೆಯೇ ಸರಿ. ಕ್ಷಣಕಾಲ ಓಡಿಸಿ ನಿಲ್ಲಿಸುವುದರಿಂದ ಅದು ಬದುಕಿಕೊಳ್ಳುತ್ತದೆ.

ಪಿಸ್ಟನ್ ತನ್ನ ಹಾದಿಯ ಕೊನೆ ಮುಟ್ಟಿದಾಗ ಪಂಪಿನ ಕೆಲಸ ಮುಗಿಯಿತು. ಆದರೆ ಒಡಲಿಗೆ ಮೇಲ್ಮುಖವಾದ ಸಂವೇಗವಿದೆ. ಅದು ಚಕ್ರಗಳನ್ನೂ ಎಳೆದುಕೊಂಡು ಮೇಲೇಳುತ್ತದೆ. ಸೆಕೆಂಡಿಗೆ 1.6 ಮೀಟರ್ ವೇಗಕ್ಕೆ ಇದು ಹೆಚ್ಚೆಂದರೆ 13 ಸೆಂಟಿಮೀಟರ್ ಅಷ್ಟೆ. ನೀವು ದೃಶ್ಯಗಳಲ್ಲಿ ನೋಡುವ ಮೊಣಕಾಲೆತ್ತರದ ನೆಗೆತ ಒಂದೇ ಒತ್ತಿಗೆ ಬರುವುದಲ್ಲ. ಕೆಳಗೆ ಬಿದ್ದಾಗ ಟೈರು ಮತ್ತು ಸ್ಪ್ರಿಂಗುಗಳು ಅದುಮಿಕೊಂಡು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. ಅವು ಹಿಂದಕ್ಕೆ ಪುಟಿಯುವ ಹೊತ್ತಿಗೇ ಸರಿಯಾಗಿ ಗುಂಡಿ ಒತ್ತಿದರೆ ಪಂಪಿನ ಶಕ್ತಿ ಅದಕ್ಕೆ ಕೂಡುತ್ತದೆ. ಉಯ್ಯಾಲೆಯ ಮೇಲೆ ಕುಳಿತ ಮಗುವನ್ನು ತಾಯಿ ತಕ್ಕ ಸಮಯಕ್ಕೆ ತಳ್ಳುವುದೂ ಇದೇ ಅನುರಣನೆ. ಸಮಯ ತಪ್ಪಿದರೆ ನೆಗೆತ ಕುಗ್ಗುತ್ತದೆ. ಆದ್ದರಿಂದ ಸ್ಪರ್ಧೆಗಳಲ್ಲಿ ಗೆಲ್ಲುವುದು ಬ್ಯಾಟರಿಯೊಂದೇ ಅಲ್ಲ, ಗುಂಡಿ ಒತ್ತುವವನ ಬೆರಳೂ ಹೌದು. ಡಿಕ್ಕಿಯ ಬ್ಯಾಟರಿಗಳು ಗುರುತ್ವ ಕೇಂದ್ರವನ್ನು ಹಿಂದಕ್ಕೆ ಸರಿಸಿ ಮುಂಭಾಗದ ಹೊರೆಯನ್ನು ಕಡಿಮೆ ಮಾಡುವುದು ಇನ್ನೊಂದು ಅನುಕೂಲ.

ಕುಣಿಯುವ ಕಾರಿನಲ್ಲಿ ಕುಳಿತು ಪ್ರಯಾಣ ಮಾಡುವುದು ಮಾತ್ರ ಸುಖವಲ್ಲ. ಎಣ್ಣೆ ಎಷ್ಟು ಕುಗ್ಗಬಲ್ಲುದು? ಅದರ ಗಾತ್ರ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 150 ಕೋಟಿ ಪಾಸ್ಕಲ್. 64 ಲಕ್ಷ ಪಾಸ್ಕಲ್ ಒತ್ತಡದಲ್ಲಿ ಅದು ಕುಗ್ಗುವುದು ಶೇಕಡಾ 0.4ರಷ್ಟು. 25 ಸೆಂಟಿಮೀಟರ್ ಉದ್ದದ ಎಣ್ಣೆಯ ಕಂಬ ಒಂದು ಮಿಲಿಮೀಟರ್ ಕುಗ್ಗಿದರೆ ಹೆಚ್ಚು. ಹೊಂಡದ ಏಟಿಗೆ ಅದು ಕಬ್ಬಿಣದ ಸರಳಿನಂತೆಯೇ. ಸಿಲಿಂಡರಿಗೆ ಜಾಗ ಮಾಡಲು ಸ್ಪ್ರಿಂಗನ್ನು ಗಿಡ್ಡ ಮಾಡಿದಷ್ಟೂ ಏಟು ನೇರವಾಗಿ ಚಾಸಿಗೆ ತಗಲುತ್ತದೆ. ಇದಕ್ಕೆ ಒಂದು ಪರಿಹಾರ ಫ್ರಾನ್ಸಿನಲ್ಲಿ ಮೊದಲೇ ಸಿದ್ಧವಾಗಿತ್ತು. 1955ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಸಿಟ್ರಾನ್ ಡಿಎಸ್ ಕಾರಿನಲ್ಲಿ, ಪಾಲ್ ಮಾಜೆಸ್ ರೂಪಿಸಿದ ವ್ಯವಸ್ಥೆಯಂತೆ, ಪ್ರತಿ ಚಕ್ರಕ್ಕೂ ಒಂದು ಲೋಹದ ಗೋಳವಿತ್ತು. ಅದರೊಳಗೆ ರಬ್ಬರಿನಂಥ ಪೊರೆಯ ಒಂದು ಬದಿ ನೈಟ್ರೊಜನ್ ಅನಿಲ, ಇನ್ನೊಂದು ಬದಿ ಎಣ್ಣೆ. ಬಲವನ್ನು ಸಾಗಿಸುವುದು ಎಣ್ಣೆಯ ಕೆಲಸ, ಕುಗ್ಗಿ ಹಿಗ್ಗುವುದು ಅನಿಲದ ಕೆಲಸ. ಲೋ-ರೈಡರ್‌ಗಳಿಗೂ ಇಂಥ ಅನಿಲ ಸಂಚಯಕಗಳನ್ನು ಜೋಡಿಸಿಕೊಳ್ಳುವವರಿದ್ದಾರೆ. ಆದರೆ ಸಂಚಯಕ ಏಟನ್ನು ನುಂಗುವಂತೆ ಪಂಪಿನ ತಳ್ಳನ್ನೂ ನುಂಗುತ್ತದೆ. ಮೆತ್ತಗೆ ಓಡುವುದು, ಎತ್ತರಕ್ಕೆ ನೆಗೆಯುವುದು ಎರಡೂ ಒಂದೇ ಕಾರಿಗೆ ದಕ್ಕುವುದು ಕಷ್ಟ.

ಕಡಿಮೆ ಹಣದಲ್ಲಿ ಇದನ್ನು ಮಾಡುವವರು ಎಲ್ಲಿ ಉಳಿಸಬಹುದು? ನನ್ನ ಅಭಿಪ್ರಾಯದಲ್ಲಿ, ನೆಗೆತದ ಆಸೆಯನ್ನು ಬಿಟ್ಟುಬಿಡುವುದೇ ದೊಡ್ಡ ಉಳಿತಾಯ. ಏರಿಳಿತಕ್ಕೆ ಮಾತ್ರವಾದರೆ ಎರಡು ಪಂಪು, ಎರಡರಿಂದ ನಾಲ್ಕು ಬ್ಯಾಟರಿ ಸಾಕು. ಬಳಸಿದ ಪಂಪನ್ನು ಬಿಚ್ಚಿ, ತೊಳೆದು, ಎಣ್ಣೆ ತಡೆಯುವ ರಬ್ಬರ್ ಬಳೆಗಳನ್ನು ಬದಲಿಸಿ ಉಪಯೋಗಿಸಬಹುದು. ಆದರೆ ಒಂದು ಉಳಿತಾಯ ಅಪಾಯಕಾರಿ. ಕವಾಟಗಳ ಖರ್ಚು ತಪ್ಪಿಸಲು ಎಡ ಮತ್ತು ಬಲ ಸಿಲಿಂಡರುಗಳನ್ನು ಒಂದೇ ಕೊಳವೆಗೆ ಸೇರಿಸುವವರಿದ್ದಾರೆ. ನೇರ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ತಿರುವಿನಲ್ಲಿ ಹೊರಬದಿಯ ಚಕ್ರದ ಮೇಲೆ ಹೊರೆ ಹೆಚ್ಚುತ್ತದೆ. ಅಲ್ಲಿನ ಎಣ್ಣೆ ಒಳಬದಿಯ ಸಿಲಿಂಡರಿಗೆ ಹರಿಯುತ್ತದೆ. ಹೊರಬದಿ ಕುಸಿದು ಒಳಬದಿ ಏಳುತ್ತದೆ, ಕಾರು ಇನ್ನಷ್ಟು ವಾಲುತ್ತದೆ. ಇದೂ ಪಾಸ್ಕಲನ ನಿಯಮವೇ! ಆದ್ದರಿಂದ ಪ್ರತಿ ಚಕ್ರಕ್ಕೂ ಅದರದೇ ತಡೆಕವಾಟ ಬೇಕು.

ಚಾಸಿಯನ್ನೂ ಮರೆಯುವಂತಿಲ್ಲ. 1958ರಿಂದ 1964ರವರೆಗಿನ ಇಂಪಾಲಗಳ ಚಾಸಿ ಎಕ್ಸ್ ಅಕ್ಷರದ ಆಕಾರದ್ದು, ಬದಿಗಳಲ್ಲಿ ಉದ್ದುದ್ದನೆಯ ತೊಲೆಗಳಿಲ್ಲ. ಸ್ಪ್ರಿಂಗು ಹಂಚಿಕೊಡುತ್ತಿದ್ದ ಬಲ ಈಗ ಸಿಲಿಂಡರಿನ ಒಂದೇ ಬಿಂದುವಿನಲ್ಲಿ, ಅದೂ ಏಟಿನ ರೂಪದಲ್ಲಿ ಬೀಳುತ್ತದೆ. ಹಳೆಯ ತುಕ್ಕು ಹಿಡಿದ ಲೋಹ ಅಲ್ಲಿಂದಲೇ ಬಿರುಕು ಬಿಡುತ್ತದೆ. ಉಕ್ಕಿನ ತಗಡನ್ನು ಬೆಸೆದು ಆ ಭಾಗವನ್ನು ಬಲಪಡಿಸುವುದು ಪಂಪು ಕೊಳ್ಳುವುದಕ್ಕಿಂತ ಮೊದಲಿನ ಖರ್ಚು.

ಮೂರು ಅಪಾಯಗಳನ್ನು ಹೇಳಲೇಬೇಕು. ಟ್ರಾಕ್ಟರು, ಜೆಸಿಬಿ, ಟಿಪ್ಪರ್ ಲಾರಿಗಳ ಬಳಿ ಕೆಲಸ ಮಾಡುವ ನಮ್ಮವರಿಗೂ ಇವು ಅನ್ವಯಿಸುತ್ತವೆ. ದ್ರವದ ಬಲದಿಂದ ಮಾತ್ರ ಎತ್ತಿ ನಿಂತ ವಾಹನದ ಕೆಳಗೆ ಎಂದೂ ನುಸುಳಬಾರದು. ಒಂದು ಕೊಳವೆ ಬಿಚ್ಚಿದರೆ ಆ ಒಂದು ಲೋಟ ಎಣ್ಣೆ ಕ್ಷಣದಲ್ಲಿ ಹೊರಚೆಲ್ಲಿ ವಾಹನ ಕುಸಿಯುತ್ತದೆ. ಗಟ್ಟಿಯಾದ ಆಸರೆ ಕೊಟ್ಟ ಮೇಲೆಯೇ ಕೆಲಸ. ಎರಡನೆಯದು, ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದನ್ನು ಬೆರಳಿನಿಂದ ಮುಟ್ಟಿ ಹುಡುಕಬಾರದು. ಹೆಚ್ಚಿನ ಒತ್ತಡದ ಎಣ್ಣೆಯ ಎಳೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ. ನೋವೂ ಮೊದಲು ಕಡಿಮೆ ಇರಬಹುದು. ಒಳಗೆ ಅಂಗಾಂಶ ಸಾಯತೊಡಗುತ್ತದೆ, ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಹಿಡಿದರೆ ಸಾಕು. ಮೂರನೆಯದು ಬೆಂಕಿ. ನೂರಾರು ಆಂಪೇರುಗಳನ್ನು ತೆರೆದು ಮುಚ್ಚುವ ರಿಲೇಯ ತುದಿಗಳು ಒಮ್ಮೊಮ್ಮೆ ಕಿಡಿಯಿಂದ ಬೆಸೆದುಕೊಂಡುಬಿಡುತ್ತವೆ. ಆಗ ಬೆರಳು ತೆಗೆದರೂ ಮೋಟಾರು ನಿಲ್ಲುವುದಿಲ್ಲ, ತಂತಿ ಕಾಯುತ್ತದೆ. ಪಕ್ಕದಲ್ಲೇ ಚಾರ್ಜಾಗುವಾಗ ಹೈಡ್ರೊಜನ್ ಬಿಡುವ ಸೀಸದ ಬ್ಯಾಟರಿಗಳಿವೆ. ಕೈಗೆ ಸಿಗುವಂತೆ ಒಂದು ದಪ್ಪ ಸ್ವಿಚ್ಚು, ಗಾಳಿ ಆಡುವ ಡಿಕ್ಕಿ ಇವು ಅಲಂಕಾರದ ವಸ್ತುಗಳಲ್ಲ.

ಕಾನೂನಿನ ಕಥೆ ಅಲ್ಲಿ ಈಚೆಗೆ ತಿರುವು ಪಡೆಯಿತು. ಎತ್ತರದ ಆ ನಿಯಮವನ್ನೂ, ಸಾಲುಗಟ್ಟಿ ಮೆಲ್ಲಗೆ ಓಡಿಸುವುದನ್ನು ನಿಷೇಧಿಸಲು ಸ್ಥಳೀಯ ಸಂಸ್ಥೆಗಳಿಗಿದ್ದ ಅಧಿಕಾರವನ್ನೂ ತೆಗೆದುಹಾಕುವ ಮಸೂದೆಗೆ 2023ರಲ್ಲಿ ಅಂಕಿತ ಬಿದ್ದು, 2024ರ ಜನವರಿ 1ರಿಂದ ಜಾರಿಗೆ ಬಂತು. ಈ ನಿಯಮಗಳು ತಮ್ಮ ಸಮುದಾಯವನ್ನೇ ಗುರಿಯಾಗಿಸಿವೆ ಎಂದು ಮೆಕ್ಸಿಕನ್ ಮೂಲದವರು ಬಹುಕಾಲ ಹೇಳುತ್ತ ಬಂದಿದ್ದರು. ನ್ಯೂ ಮೆಕ್ಸಿಕೋದ ಚಿಮಾಯೋ ಊರಿನ 1969ರ ಫೋರ್ಡ್ ಲೋ-ರೈಡರ್ ಒಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹವನ್ನೂ ಸೇರಿದೆ. ನಮ್ಮ ದೇಶದಲ್ಲಿ ಮಾತ್ರ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ.

ಕಾರಿಲ್ಲದಿದ್ದರೇನಂತೆ, ಸಿರಿಂಜುಗಳಿವೆ. ಸೂಜಿ ತೆಗೆದ 5 ಮತ್ತು 20 ಮಿಲಿಲೀಟರಿನ ಎರಡು ಹೊಸ ಸಿರಿಂಜುಗಳನ್ನು ಒಂದು ತೆಳುವಾದ ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ, ಗುಳ್ಳೆಗಳಿಲ್ಲದಂತೆ ನೀರು ತುಂಬಿಸಿ. ಒಳವ್ಯಾಸಗಳನ್ನು ವರ್ನಿಯರಿನಿಂದ ಅಳೆಯಿರಿ. ಅವುಗಳ ಅನುಪಾತ 1.5 ಬಂದರೆ ವಿಸ್ತೀರ್ಣಗಳ ಅನುಪಾತ 2.25. ಸಣ್ಣದನ್ನು ಒತ್ತಿ ದೊಡ್ಡದರ ಮೇಲೆ ಪುಸ್ತಕಗಳನ್ನು ಎತ್ತಿಸಿ, ಎರಡೂ ಸರಿದ ದೂರಗಳನ್ನು ಬರೆದುಕೊಳ್ಳಿ. ಬಳಿಕ ಬೇಕೆಂದೇ ಒಂದು ಗುಳ್ಳೆ ಗಾಳಿಯನ್ನು ಒಳಬಿಟ್ಟು ನೋಡಿ. ಒತ್ತುವ ಕೈಗೆ ಮೊದಲಿದ್ದ ಗಟ್ಟಿತನ ಹೋಗಿ ಮೆತ್ತಗಿನ ಪುಟಿತ ಸಿಗುತ್ತದೆ; ಪುಸ್ತಕವನ್ನು ಮೇಲಿನಿಂದ ತಟ್ಟಿದರೆ ಅದು ಕುಣಿಯುತ್ತದೆ. ಬ್ರೇಕಿನ ಕೊಳವೆಯಲ್ಲಿ ಅಪಾಯವೆನಿಸುವ ಅದೇ ಗುಳ್ಳೆ ಸಿಟ್ರಾನ್ ಕಾರಿನ ಗೋಳದಲ್ಲಿ ಸ್ಪ್ರಿಂಗ್ ಆದದ್ದು ಹೇಗೆಂದು ಆಗ ವಿದ್ಯಾರ್ಥಿಗಳನ್ನೇ ಕೇಳಬಹುದು.