ಹಳಿ ಕಿತ್ತ ಹಾದಿಗಳು: ವಾಹನಗಳಿಲ್ಲದ ಸೈಕಲ್ ದಾರಿಗಳ ಪರಿಚಯ

ಸೈಕಲ್ ಸವಾರಿ ಕೀಲುಗಳಿಗೆ ಹಗುರ, ಹೃದಯಕ್ಕೆ ಹಿತ ಎಂಬುದನ್ನು ನಾನು ವೈದ್ಯನಾಗಿ ಕಂಡ ಕನ್ನಡಿಗರಲ್ಲಿ ಒಪ್ಪದವರು ವಿರಳ. ಆದರೆ ಒಪ್ಪಿದವರೆಲ್ಲ ಕೇಳುವ ಮರುಪ್ರಶ್ನೆ ಒಂದೇ: ‘ಎಲ್ಲಿ ಓಡಿಸುವುದು?’ ಪ್ರಶ್ನೆ ನ್ಯಾಯವಾದುದು. ನಾನು ವಾಸವಾಗಿರುವ ನ್ಯೂಕ್ಯಾಸಲ್ ಸಿಯಾಟಲ್ ನಗರದ ಪೂರ್ವಕ್ಕೆ, ವಾಷಿಂಗ್ಟನ್ ಸರೋವರದ ದಂಡೆಯಿಂದ ಮೇಲೇರಿ ಹೋಗುವ ಗುಡ್ಡಗಳ ಊರು. ಇಲ್ಲಿನ ಬಡಾವಣೆಯ ಬೀದಿಗಳು ಕಡಿದಾದವು. ಮುಖ್ಯ ರಸ್ತೆಯಾದ ಕೋಲ್ ಕ್ರೀಕ್ ಪಾರ್ಕ್‌ವೇಯಲ್ಲಿ ಕಾರುಗಳ ಸಾಲು ಕಡಿಯುವುದಿಲ್ಲ. ಐವತ್ತು ದಾಟಿದವರು, ಊರಿನಿಂದ ಬಂದ ತಂದೆತಾಯಂದಿರು, ಹತ್ತು ವರ್ಷದ ಮಕ್ಕಳು ಅಂಥ ರಸ್ತೆಗೆ ಸೈಕಲ್ ಇಳಿಸಲಾರರು. ಇಳಿಸಲೂ ಬಾರದು. ವಾಹನದ ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆ.

ಈ ಪ್ರಶ್ನೆಗೆ ಉತ್ತರ ನಮ್ಮ ಊರಿನ ಬುಡದಲ್ಲಿಯೇ ಇದೆ. ಅದನ್ನು ಕೊಟ್ಟದ್ದು ಹಳೆಯ ರೈಲುಮಾರ್ಗ.

ಫ್ರಾನ್ಸ್ ತೋರಿಸಿದ ದಾರಿ

ನಿಶ್ಶಬ್ದವಾದ ಗ್ರಾಮೀಣ ಸೈಕಲ್ ದಾರಿಗಳೆಂದರೆ ಮೊದಲು ನೆನಪಾಗುವ ದೇಶ ಫ್ರಾನ್ಸ್. ಅಲ್ಲಿ ದೂರದ ಸಂಚಾರವನ್ನು ಹೆದ್ದಾರಿಗಳು ಸೆಳೆದುಕೊಂಡುದರಿಂದ ಹಳ್ಳಿ ಹಳ್ಳಿಗಳನ್ನು ಕೂಡಿಸುವ ಕಿರುರಸ್ತೆಗಳು ಬಹುಮಟ್ಟಿಗೆ ಖಾಲಿಯಾಗಿ ಉಳಿದಿವೆ. ಇದರ ಜೊತೆಗೆ ಮೋಟಾರು ವಾಹನಗಳಿಗೆ ಪ್ರವೇಶವೇ ಇಲ್ಲದ ‘ವ್ವಾ ವೆರ್ತ್’, ಅಂದರೆ ‘ಹಸಿರು ದಾರಿ’ಗಳಿವೆ. ಹಿಂದೆ ದೋಣಿಗಳನ್ನು ಕುದುರೆಗಳಿಂದ ಎಳೆಸುತ್ತಿದ್ದ ಕಾಲುವೆಯ ದಂಡೆಗಳು ಕೆಲವು. ರೈಲು ನಿಂತುಹೋದ ಮಾರ್ಗಗಳು ಹಲವು. 1879ರ ಫ್ರೇಸಿನೆ ಯೋಜನೆಯು ದೇಶದ ಮೂಲೆ ಮೂಲೆಗೂ ರೈಲು ಮುಟ್ಟಿಸಲು ಹೊರಟಿತು. ಮೋಟಾರು ಬಂದ ಮೇಲೆ ಆ ಸಣ್ಣ ಮಾರ್ಗಗಳಲ್ಲಿ ಅನೇಕವು ನಷ್ಟಕ್ಕೆ ಬಿದ್ದು ಮುಚ್ಚಿದವು. ಬರ್ಗಂಡಿ ಪ್ರಾಂತದ ಜಿವ್ರಿ ಮತ್ತು ಕ್ಲೂನಿ ಊರುಗಳ ನಡುವಣ ಸುಮಾರು 44 ಕಿಲೋಮೀಟರ್ ಮಾರ್ಗವು 1997ರಲ್ಲಿ ಸೈಕಲ್ ಹಾದಿಯಾಗಿ ತೆರೆಯಿತು. ದ್ರಾಕ್ಷಿತೋಟಗಳ ನಡುವೆ ಸಾಗುವ ಈ ದಾರಿ ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು.

ಹಾದಿಯನ್ನು ಉಳಿಸಿದ ಕಾನೂನು

ಅಮೆರಿಕದಲ್ಲಿ ಇದೇ ಕೆಲಸ ಕಾನೂನಿನ ನೆರವಿಲ್ಲದೆ ಆಗುವಂತಿರಲಿಲ್ಲ. ಇಲ್ಲಿನ ರೈಲು ಕಂಪನಿಗಳಿಗೆ ಅನೇಕ ಕಡೆ ಭೂಮಿಯ ಒಡೆತನವಿರಲಿಲ್ಲ, ಹಳಿ ಹಾಯಿಸುವ ಹಕ್ಕು ಮಾತ್ರ ಇತ್ತು. ಮಾರ್ಗವನ್ನು ತ್ಯಜಿಸಿದರೆ ಆ ಹಕ್ಕು ಅಳಿದು ಭೂಮಿ ಅಕ್ಕಪಕ್ಕದವರಿಗೆ ಸೇರುತ್ತಿತ್ತು. ಒಮ್ಮೆ ತುಂಡಾದ ಪಟ್ಟಿಯನ್ನು ಮತ್ತೆ ಕೂಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ರಾಷ್ಟ್ರೀಯ ಹಾದಿಗಳ ಕಾಯಿದೆಗೆ 1983ರಲ್ಲಿ ಮಾಡಿದ ತಿದ್ದುಪಡಿಯು ಇದಕ್ಕೆ ಉಪಾಯ ಹುಡುಕಿತು. ಮುಂದೆಂದಾದರೂ ರೈಲು ಮರಳಿ ಬರಬಹುದೆಂಬ ನೆಲೆಯಲ್ಲಿ ಮಾರ್ಗವನ್ನು ಅಖಂಡವಾಗಿ ಕಾಯ್ದಿಡಬಹುದು. ಅಲ್ಲಿಯವರೆಗೆ ಅದನ್ನು ಜನರ ಹಾದಿಯಾಗಿ ಬಳಸಬಹುದು. ಜಮೀನಿನವರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1990ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಅವರು ಪರಿಹಾರ ಕೇಳುವ ದಾರಿಯನ್ನೂ ಮುಚ್ಚಲಿಲ್ಲ.

ನ್ಯೂಕ್ಯಾಸಲ್‌ನ ಚರಿತ್ರೆಯೂ ರೈಲಿನದೇ. ಕೋಲ್ ಕ್ರೀಕ್ ಹಳ್ಳದ ಬಳಿ 1863ರಲ್ಲಿ ಕಲ್ಲಿದ್ದಲು ಸಿಕ್ಕಿತು. ಮೊದಲು ಇದ್ದಿಲನ್ನು ಬಂಡಿಗೆ ತುಂಬಿ, ನಾಡದೋಣಿಗೆ ಇಳಿಸಿ, ಸರೋವರ ದಾಟಿಸಿ, ಮತ್ತೆ ಬಂಡಿಗೆ ಏರಿಸಿ ಸಾಗಿಸುತ್ತಿದ್ದರು. ಸಿಯಾಟಲ್ ಆ್ಯಂಡ್ ವಾಲಾ ವಾಲಾ ರೈಲು 1878ರಲ್ಲಿ ಇಲ್ಲಿಗೆ ಮುಟ್ಟಿದ ಮೇಲೆ ಆ ಕಷ್ಟ ತಪ್ಪಿತು. ಬಳಿಕ ಸರೋವರದ ಪೂರ್ವದಂಡೆಯುದ್ದಕ್ಕೂ ನಾರ್ದರ್ನ್ ಪೆಸಿಫಿಕ್ ಕಂಪನಿ ಹಾಸಿದ ಮತ್ತೊಂದು ಮಾರ್ಗ 1904ರಲ್ಲಿ ಸಿದ್ಧವಾಯಿತು. ಇಂದು ಈಸ್ಟ್‌ರೇಲ್ ಎಂಬ ಹೆಸರಿನಿಂದ ರೂಪುಗೊಳ್ಳುತ್ತಿರುವ 42 ಮೈಲಿಯ ಹಾದಿ ಇದೇ.

ರೈಲಿನ ಏರು, ಕಾಲಿನ ಬಲ

ವಾಹನಗಳಿಲ್ಲದಿರುವುದು ಈ ಹಾದಿಗಳ ಒಂದು ಗುಣ ಮಾತ್ರ. ವೈದ್ಯನ ಕಣ್ಣಿಗೆ ಅದಕ್ಕಿಂತ ಮಿಗಿಲಾದ ಗುಣ ಅವುಗಳ ಮಂದವಾದ ಏರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆ. ಆದುದರಿಂದ ಎಂಜಿನಿಯರುಗಳು ಗುಡ್ಡ ಕಡಿದು, ಕಣಿವೆಗೆ ಸೇತುವೆ ಕಟ್ಟಿ, ಏರನ್ನು ಸಾಮಾನ್ಯವಾಗಿ ಶೇಕಡ 2ರೊಳಗೆ ಹಿಡಿದಿಟ್ಟರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟ ಇಳಿಯುವ ರೈಲನ್ನು ನೆನೆಯಿರಿ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು. ಅಷ್ಟನ್ನು ಸಾಧಿಸಲು 57 ಸುರಂಗಗಳನ್ನು ಕೊರೆಯಬೇಕಾಯಿತು. ಗೇಜ್ ಪರಿವರ್ತನೆಗಾಗಿ ಆ ಮಾರ್ಗ ಹಲವು ವರ್ಷ ನಿಂತಿದ್ದಾಗ ಹಳಿಗುಂಟ ಚಾರಣ ಮಾಡಿದ ಕನ್ನಡಿಗರು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಘಟ್ಟ ಹತ್ತಿದರೂ ಹತ್ತಿದಂತೆನಿಸದ ಆ ಅನುಭವವೇ ಇಲ್ಲಿನದೂ.

ಇದನ್ನು ಲೆಕ್ಕದಲ್ಲಿಯೂ ಹೇಳಬಹುದು. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ತೂಕ, ಗಂಟೆಗೆ 12 ಕಿಲೋಮೀಟರ್ ವೇಗ ಎಂದಿಟ್ಟುಕೊಳ್ಳೋಣ. ಸಮತಟ್ಟಿನಲ್ಲಿ ಸುಮಾರು 35 ವಾಟ್ ಶಕ್ತಿ ಸಾಕು. ಶೇಕಡ 2ರ ಏರಿನಲ್ಲಿ ಸುಮಾರು 90 ವಾಟ್ ಬೇಕು. ಶೇಕಡ 8ರ ಏರಿನಲ್ಲಿ ಅದು 250 ವಾಟ್ ದಾಟುತ್ತದೆ. ಸಾಮಾನ್ಯ ಆರೋಗ್ಯವುಳ್ಳ ಮಧ್ಯವಯಸ್ಸಿನವರು ಸ್ವಲ್ಪ ಅಭ್ಯಾಸದಿಂದ 90 ವಾಟ್‌ಗಳನ್ನು ಬಹುಕಾಲ ಕೊಡಬಲ್ಲರು. 250 ವಾಟ್‌ಗಳನ್ನು ಹೆಚ್ಚು ಹೊತ್ತು ಕೊಡಲಾರರು. ಬೀದಿಯ ಏರು ಎದೆಯನ್ನು ಪರೀಕ್ಷಿಸಿದರೆ ರೈಲಿನ ಏರು ಅದನ್ನು ಪಳಗಿಸುತ್ತದೆ.

ನಮಗೆ ಇದರ ಅಗತ್ಯವೇಕೆ

ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಕಿರಿವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿಯೇ ತಗಲುತ್ತವೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ ದೇಹತೂಕ ಸೂಚ್ಯಂಕ 23ನ್ನು ಮುಟ್ಟಿದಾಗಲೇ ತಪಾಸಣೆಯ ವಿಚಾರ ಮಾಡಬೇಕೆಂದು ಹೇಳುತ್ತಿದೆ. ಉಳಿದವರಿಗೆ ಆ ಗಡಿ 25. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ನಮ್ಮವರಿಗೆ ಇದು ಬರಿಯ ಅಂಕಿಯಲ್ಲ.

ತೊಡೆಯ ಸ್ನಾಯುಗಳು ದೇಹದ ದೊಡ್ಡ ಸ್ನಾಯುಗಳಲ್ಲಿ ಸೇರಿವೆ. ಅವು ದುಡಿಯುವಾಗ ರಕ್ತದ ಸಕ್ಕರೆಯನ್ನು ಇನ್ಸುಲಿನ್‌ನ ನೆರವಿಲ್ಲದೆಯೂ ಒಳಗೆಳೆದುಕೊಳ್ಳಬಲ್ಲವು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಶ್ರಮ ಮಧ್ಯಮವೋ ಅಲ್ಲವೋ ಎಂದು ತಿಳಿಯಲು ಯಂತ್ರ ಬೇಡ: ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ಸೇವಿಸುವವರಿಗೆ ಕೈಗಡಿಯಾರದ ಅಂಕಿಗಿಂತ ಈ ಪರೀಕ್ಷೆಯೇ ಮೇಲು. ಲಾರಿಗಳ ಸದ್ದಿನ ನಡುವೆ ಇದನ್ನು ಮಾಡಿಕೊಳ್ಳಲಾಗದು. ಆದರೆ ಒಂದು ಮಾತು: ಸೈಕಲ್ ಮೇಲೆ ದೇಹದ ಭಾರ ಮೂಳೆಗಳ ಮೇಲೆ ಬೀಳದುದರಿಂದ ಮೂಳೆ ಗಟ್ಟಿಯಾಗಲು ನಡಿಗೆಯನ್ನೂ ಬಿಡಬಾರದು.

ಸುತ್ತಲಿನ ಹಾದಿಗಳು

ನ್ಯೂಕ್ಯಾಸಲಿಗೆ ಅತ್ಯಂತ ಸಮೀಪದ್ದು ಈಸ್ಟ್‌ರೇಲ್‌ನ ದಕ್ಷಿಣ ಭಾಗ. ರೆಂಟನ್‌ನ ಜೀನ್ ಕೂಲನ್ ಉದ್ಯಾನದ ಕಡೆಯಿಂದ ಸರೋವರದ ಮಗ್ಗುಲಲ್ಲಿ ಉತ್ತರಕ್ಕೆ ಸಾಗುತ್ತದೆ, ಕಲಿಯುವವರಿಗೆ ಒಳ್ಳೆಯದು. ಹಾದಿಯುದ್ದಕ್ಕೂ ಕಾಮಗಾರಿಗಳು ನಡೆಯುತ್ತಿರುವುದರಿಂದ ಕಿಂಗ್ ಕೌಂಟಿಯ ನಕ್ಷೆ ನೋಡಿ ಹೊರಡಬೇಕು.

ಸಿಯಾಟಲ್‌ನ ಬರ್ಕ್–ಗಿಲ್ಮನ್ ಹಾದಿ 1978ರಲ್ಲಿ ತೆರೆಯಿತು. ಈ ಬಗೆಯ ನಗರದ ಹಾದಿಗಳಲ್ಲಿ ಮೊದಲಿನವುಗಳ ಸಾಲಿಗೆ ಸೇರಿದ್ದು. ಅದು ಬಾತೆಲ್ ಊರಿನ ಬಳಿ ಸಮಾಮಿಶ್ ನದಿಯ ಹಾದಿಯನ್ನು ಸೇರಿ, ರೆಡ್ಮಂಡ್‌ನ ಮೇರಿಮೂರ್ ಉದ್ಯಾನದವರೆಗೆ ಡಾಂಬರಿನ ಮೇಲೆಯೇ ಒಯ್ಯುತ್ತದೆ. ಮುಂದೆ ಇಸಾಕ್ವಾ ಕಡೆಗೆ 11 ಮೈಲಿಯ ಈಸ್ಟ್ ಲೇಕ್ ಸಮಾಮಿಶ್ ಹಾದಿ. ರೆಂಟನ್‌ನಿಂದ ಹೊರಡುವ ಸೀಡರ್ ನದಿಯ ಹಾದಿಯೂ ಚೆನ್ನು. ಆದರೆ ಬಹುದೂರ ಹೆದ್ದಾರಿಯ ಸದ್ದು ಜೊತೆಗಿರುತ್ತದೆ.

ಫ್ರಾನ್ಸಿನ ಹಳ್ಳಿಗಾಡಿಗೆ ಹೋಲುವುದು ಬೇಕೆನ್ನುವವರಿಗೆ ನಾನು ಹೇಳುವುದು ಸ್ನೋಕ್ವಾಲ್ಮಿ ಕಣಿವೆಯ ಹಾದಿ. ಡುವಾಲ್ ಊರಿನ ಬಳಿಯಿಂದ ರ‍್ಯಾಟಲ್‌ಸ್ನೇಕ್ ಸರೋವರದವರೆಗೆ 31 ಮೈಲಿ, ಜಲ್ಲಿಯ ನೆಲ. ಹೊಲಗಳು, ಹಸುಗಳು, ಹಳೆಯ ರೈಲು ಸೇತುವೆಗಳು. ಸ್ನೋಕ್ವಾಲ್ಮಿ ಊರಿನ ಬಳಿ ಮಾತ್ರ ಸ್ವಲ್ಪ ದೂರ ರಸ್ತೆಗಿಳಿಯಬೇಕು. ಆ ಸರೋವರದ ಸನಿಹದಿಂದಲೇ ಪಲೂಸ್ ಟು ಕ್ಯಾಸ್ಕೇಡ್ಸ್ ಹಾದಿ ಹೊರಟು ಪರ್ವತ ದಾಟಿ ಪೂರ್ವದ ಗೋದಿಸೀಮೆಗೆ ಸಾಗುತ್ತದೆ. 1980ರಲ್ಲಿ ನಿಂತುಹೋದ ಮಿಲ್ವಾಕಿ ರೋಡ್ ರೈಲಿನ ಮಾರ್ಗವಿದು. ಇದರ 2.3 ಮೈಲಿಯ ಸುರಂಗದಲ್ಲಿ ದೀಪವಿಲ್ಲ, ಬೇಸಗೆಯಲ್ಲಿಯೂ ಚಳಿ. ತಲೆದೀಪ, ಬೆಚ್ಚನೆಯ ಅಂಗಿ ಕಡ್ಡಾಯ. ನವೆಂಬರ್ ಮೊದಲಿನಿಂದ ಏಪ್ರಿಲ್ ಕೊನೆಯವರೆಗೆ ಸುರಂಗ ಮುಚ್ಚಿರುತ್ತದೆ. ಈ ರಾಜ್ಯ ಉದ್ಯಾನದಲ್ಲಿ ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಬೇಕು.

ನ್ಯೂಕ್ಯಾಸಲ್‌ಗೆ ಹೊಂದಿದ ಕೂಗರ್ ಮೌಂಟನ್ ಕಾಡಿನಲ್ಲಿ ಹಳೆಯ ಗಣಿಯ ಕುರುಹುಗಳಿವೆಯಾದರೂ ಅಲ್ಲಿನ ಕಾಲುದಾರಿಗಳಲ್ಲಿ ಸೈಕಲ್ ನಿಷಿದ್ಧ. ಅದು ನಡಿಗೆಯವರ ಪಾಲು.

ಹೊರಡುವ ಮುನ್ನ

ಸೀಟಿನ ಎತ್ತರವನ್ನು ಮೊದಲು ಸರಿಪಡಿಸಿ. ಪೆಡಲ್ ತಳಕ್ಕೆ ಬಂದಾಗ ಮಂಡಿ ತುಸು ಬಾಗಿರಬೇಕು. ಸೀಟು ತಗ್ಗಾದರೆ ಮಂಡಿ ನೋಯುವುದು ಖಚಿತ. ಭಾರದ ಗೇರಿನಲ್ಲಿ ಮೆಟ್ಟುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ತುಳಿಯುವುದು ಮೇಲು. ಕಿಂಗ್ ಕೌಂಟಿ 2022ರಲ್ಲಿ ಹೆಲ್ಮೆಟ್ ನಿಯಮವನ್ನು ತೆಗೆದುಹಾಕಿತು. ತಲೆಬುರುಡೆ ಮಾತ್ರ ಹಿಂದಿನಷ್ಟೇ ಮೆದುವಾಗಿದೆ, ಹೆಲ್ಮೆಟ್ ಧರಿಸಿ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಪಿಜೈಡ್ ಸೇವಿಸುವವರು ಸುಮಾರು 15 ಗ್ರಾಂ ಗ್ಲೂಕೋಸ್ ಜೇಬಿನಲ್ಲಿಟ್ಟುಕೊಳ್ಳಬೇಕು. ಹೃದ್ರೋಗವಿದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳ ಕೆಟ್ಟಿರುವವರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆ ಬಿಗಿದರೆ, ದವಡೆಗೋ ತೋಳಿಗೋ ನೋವು ಹರಿದರೆ ಇಳಿದು ಕುಳಿತು 911ಕ್ಕೆ ಕರೆ ಮಾಡಿ.

ಊರಿನಿಂದ ಬಂದ ಹಿರಿಯರಿಗೆ ಹಾದಿಯ ರೀತಿಯನ್ನು ಮೊದಲೇ ತಿಳಿಸಿ: ಇಲ್ಲಿ ಬಲಕ್ಕೆ ಸಾಗಬೇಕು, ಗಂಟೆ ಬಾರಿಸಿ ಎಡದಿಂದ ಹಿಂದಿಕ್ಕಬೇಕು. ಕೌಂಟಿಯ ಹಾದಿಗಳಲ್ಲಿ ವೇಗದ ಮಿತಿ ಗಂಟೆಗೆ 15 ಮೈಲಿ. ಮೊದಲ ವಾರ ಸಮತಟ್ಟಾದ ಕಡೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ಸಲ ಸಾಕು. ಮನೆಯಿಂದ ಹಾದಿಯವರೆಗಿನ ಗುಡ್ಡಕ್ಕೆ ಅಂಜಿ ಸವಾರಿಯನ್ನೇ ಬಿಡಬೇಕಿಲ್ಲ. ಆ ಎರಡು ಮೈಲಿಗೆ ಸೈಕಲನ್ನು ಕಾರಿಗೆ ಕಟ್ಟಿ, ಹಾದಿಯ ತಲೆಯಲ್ಲಿ ಇಳಿಸಿಕೊಳ್ಳಿ.